ಎದ್ದು ಹೋದವರ ಮಣೆ

ಆ ಊರಿನಲ್ಲಿ ಮನೆಗಳು ಹೇಳಿದ ಮಾತು ಕೇಳುತ್ತಿದ್ದವು. ಮಕ್ಕಳು ಕೇಳುತ್ತಿರಲಿಲ್ಲ, ದನಗಳು ಕೇಳುತ್ತಿರಲಿಲ್ಲ, ಗಂಡಂದಿರ ವಿಷಯ ಬಿಡಿ; ಮನೆಗಳು ಮಾತ್ರ ಕೇಳುತ್ತಿದ್ದವು. ಹೊಸ ಮನೆಗೆ ಬಾಗಿಲುವಾಡ ನಿಲ್ಲಿಸಿದ ದಿನ ಮನೆಯವರು ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲೇ ಬಂದು, ಆ ಮರಕ್ಕೆ ಬಾಯಿ ಹಚ್ಚಿ ತಮಗೆ ಬೇಕಾದ ಕಟ್ಟಳೆ ಹೇಳುತ್ತಿದ್ದರು. ಹೇಳಿದ್ದನ್ನು ಮನೆ ಹಿಡಿದುಕೊಳ್ಳುತ್ತಿತ್ತು. ಕಾಲು ತೊಳೆಯದವರಿಗೆ ತೆರೆಯಬೇಡ ಎಂದರೆ, ರಾಜನೇ ಬಂದು ನಿಂತರೂ ಬಾಗಿಲು ತೆರೆಯುತ್ತಿರಲಿಲ್ಲ. ಒಂದೇ ಹೆಸರಿನ ಇಬ್ಬರನ್ನು ಒಳಗಿಟ್ಟುಕೊಳ್ಳಬೇಡ ಎಂದರೆ, ಅಜ್ಜನ ಹೆಸರಿಟ್ಟ ಮೊಮ್ಮಗು ಅಜ್ಜ ಹೋಗುವವರೆಗೆ ಜಗುಲಿಯಲ್ಲೇ ಬೆಳೆಯಬೇಕಾಗುತ್ತಿತ್ತು. ಹಿಂದೆಮುಂದೆ ನೋಡದೆ ಕಟ್ಟಳೆ ಹೇಳಿದವರು ಅನುಭವಿಸುತ್ತಿದ್ದರು, ನಿಜ. ಆದರೆ ಹೇಳಿದ್ದು ನಡೆಯುತ್ತಿತ್ತು.

ಇನ್ನೊಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಆ ಸೀಮೆಯಲ್ಲಿ ಮನುಷ್ಯರ ಗುರುತೆಂದರೆ ಅವರ ಮಣೆ. ಕೂಸು ಹುಟ್ಟಿದ ದಿನ ಬಡಗಿ ಬಂದು ಹಲಸಿನ ಹಲಗೆಯಲ್ಲಿ ಅದಕ್ಕೊಂದು ಮಣೆ ಮಾಡಿಕೊಡುತ್ತಿದ್ದ. ಹುಟ್ಟಿಗಲ್ಲದೆ ಬೇರೆ ಯಾವುದಕ್ಕೂ ಹೊಸ ಮಣೆ ಮಾಡುವಂತಿರಲಿಲ್ಲ. ಆ ಮಣೆಯ ಮೇಲೆ ಕೂತು ಉಂಡವರು ಆ ಮನೆಯವರು, ಆ ಊರಿನವರು. ಸತ್ತರೆ ಮಣೆಯೂ ಅವರ ಜೊತೆ ಬೆಂಕಿಗೆ ಹೋಗುತ್ತಿತ್ತು. ಮಣೆ ಇಲ್ಲದವರನ್ನು ಊರು ಒಳಗೆ ಬಿಡುತ್ತಿರಲಿಲ್ಲ. ಬಿಟ್ಟರೂ ಯಾರೆಂದು ಕರೆಯಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಊರ ತುದಿಯ ಮನೆಯಲ್ಲಿ ಹಗ್ಗ ಹೊಸೆಯುವ ಅಕ್ಕತಂಗಿಯರಿದ್ದರು. ಅಪ್ಪ ಅಮ್ಮನ ಮಣೆ ಬೂದಿಯಾಗಿ ಇವರವು ಎರಡೇ ಉಳಿದಿದ್ದವು. ತಂಗಿಗೆ ಹಗ್ಗ ಬೇಸರ, ನೀರಿನ ಹುಚ್ಚು. ಒಂದು ಮಧ್ಯಾಹ್ನ ಉಪ್ಪಿನ ದೋಣಿಯವರ ಶಂಖ ಕೇಳಿದ್ದೇ ತಡ, ಕಲಸಿದ ಅನ್ನ ಎಲೆಯಲ್ಲೇ ಬಿಟ್ಟು ಎದ್ದುಬಿಟ್ಟಳು.

"ಉಂಡಾದ್ರೂ ಹೋಗೇ," ಎಂದಳು ಅಕ್ಕ.

"ಬಂದು ಉಣ್ತೀನಿ ಕಣೇ. ನನ್ನ ಮಣೆ ಯಾರಿಗೂ ಕೊಡಬೇಡ," ಎಂದಳು ತಂಗಿ. ಹೋದಳು.

ಅಕ್ಕ ಹಟದ ಹೆಂಗಸು. ಬಾಗಿಲುವಾಡ ನಿಲ್ಲಿಸಿದ ದಿನ ಬಿಟ್ಟು ಬೇರೆ ದಿನ ಕಟ್ಟಳೆ ಹೇಳಿದರೆ ಮನೆ ಕಿವಿಗೆ ಹಾಕಿಕೊಳ್ಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಬಡಗಿಯನ್ನು ಕರೆಸಿ, ಗಟ್ಟಿಯಾಗಿದ್ದ ಬಾಗಿಲುವಾಡವನ್ನು ಕೀಳಿಸಿ ಮತ್ತೆ ಅಲ್ಲೇ ನಿಲ್ಲಿಸಿದಳು. ನೋಡಿದವರು ಇವಳಿಗೆ ತಲೆ ಕೆಟ್ಟಿದೆ ಎಂದರು. ಅಕ್ಕ ಒದ್ದೆ ಬಟ್ಟೆಯಲ್ಲಿ ಬಂದು ಮರಕ್ಕೆ ಬಾಯಿ ಹಚ್ಚಿ, "ಎದ್ದು ಹೋದವರ ಮಣೆ ಬೇರೆಯವರಿಗಿಲ್ಲ," ಎಂದಳು. ಅಂದಿನಿಂದ ಆ ಮಣೆಯ ಮೇಲೆ ಯಾರೇ ಕೂರಲು ಹೋದರೂ ಅದು ಮೆಲ್ಲಗೆ ಪಕ್ಕಕ್ಕೆ ಸರಿಯುತ್ತಿತ್ತು. ಹಬ್ಬಕ್ಕೆ ಬಂದ ದೊಡ್ಡ ಮನುಷ್ಯನೊಬ್ಬ ಹಾಗೆ ನೆಲಕ್ಕೆ ಕುಸಿದು ಸೊಂಟ ಹಿಡಿದುಕೊಂಡ ಮೇಲೆ ಯಾರೂ ಆ ಕಡೆ ಹೋಗಲಿಲ್ಲ.

ಹೀಗೆ ನಡೆದುಕೊಂಡು ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮನೆಗೆ ಹೇಳಿದ್ದನ್ನು ನಡೆಸಿಕೊಡುತ್ತಿದ್ದ ಆ ಊರಿನ ಮಣ್ಣಿಗೆ ಮುಪ್ಪು ಬಂತು. ಬೆಳಗ್ಗೆ ಬಾಗಿಲು ತೆರೆ ಎಂದರೆ ಮಧ್ಯಾಹ್ನಕ್ಕೆ ತೆರೆಯುತ್ತಿತ್ತು. ಒಲೆ ಉರಿ ಎಂದರೆ ಹಸಿವು ಸತ್ತ ಮೇಲೆ ಉರಿಯುತ್ತಿತ್ತು. ಕೊನೆಕೊನೆಗೆ ಹೊಳೆಯ ನೀರು ಅಡಿಪಾಯಕ್ಕೆ ಬಂದು, ಮನೆಗಳು ಕೆಸರಿನಲ್ಲಿ ಕೂರತೊಡಗಿದವು. ಆಚೆ ದಡದಲ್ಲಿ ಹೊಸ ಊರೊಂದು ಎದ್ದಿದೆ, ಅಲ್ಲಿಯ ಮಣ್ಣು ಬಾಯಿ ತೆರೆಯುವುದರೊಳಗೆ ಕೆಲಸ ಮುಗಿಸುತ್ತದೆ ಎಂದು ಸುದ್ದಿ ಬಂತು. ಜನ ಮನೆ ಬಿಚ್ಚಿ ಗಾಡಿಗೆ ಹೇರಿದರು.

ಮನೆ ಸಾಗಿಸುವವನು ಅಕ್ಕನ ಮನೆಗೂ ಬಂದ. ಬಾಗಿಲುವಾಡಕ್ಕೆ ಕಿವಿಯಿಟ್ಟು ಕೇಳಿ ಮೂಗು ಮುರಿದ.

"ಹಳೇ ಮನೆಗೆ ಹಳೇ ಮಾತು ಜಾಸ್ತಿ ಇರ್ತವೆ ಅಕ್ಕಾ. ಅರ್ಧ ಇಲ್ಲೇ ಬಿಟ್ಟು ಬನ್ನಿ, ಭಾರ ಕಮ್ಮಿ ಆಗುತ್ತೆ."

"ಬೇರೆ ಏನು ಬೇಕಾದ್ರೂ ಬಿಡ್ತೀನಿ. ಮಣೆ ಕಟ್ಟಳೆ ಬಿಡಲ್ಲ. ಅದು ಅಲ್ಲಿ ನಡೆಯುತ್ತೋ ಇಲ್ವೋ, ಅಷ್ಟು ಹೇಳು."

"ಆ ಊರ ಬಾಗಿಲಲ್ಲಿ ಗಂಟೆಯವನಿದಾನೆ. ಅವನ ಮುಂದೆ ಹೇಳಿ. ಗಂಟೆ ಹೊಡೆದ ಅಂದ್ರೆ ಆಯ್ತು."

ಹೊಸ ಊರಿನ ಹೆಬ್ಬಾಗಿಲ ಮುಂದೆ ಗಾಡಿಗಳ ಸಾಲು ಹೊಳೆಯವರೆಗೆ ನಿಂತಿತ್ತು. ಗಂಟೆಯವನು ಕಲ್ಲುಬೆಂಚಿನ ಮೇಲೆ ಕೂತಿದ್ದ. ಒಬ್ಬೊಬ್ಬರೂ ಬಂದು ಬಾಗಿಲುವಾಡವನ್ನು ಅವನ ಮುಂದೆ ನಿಲ್ಲಿಸಿ ಕಟ್ಟಳೆ ಹೇಳುತ್ತಿದ್ದರು. ಅವನು ಹಗ್ಗ ಎಳೆಯುತ್ತಿದ್ದ. ಗಂಟೆ ಹೊಡೆಯುತ್ತಿತ್ತು. ಗಾಡಿ ಒಳಗೆ ಹೋಗುತ್ತಿತ್ತು. ಅಕ್ಕನ ಸರದಿ ಬಂದಾಗ ಅವಳು ಹೊಳೆಯಲ್ಲಿ ಮುಳುಗಿ ಬಂದು, ಒದ್ದೆ ಬಟ್ಟೆಯಲ್ಲಿ, ಒಂದಕ್ಷರ ಬಿಡದೆ ಹೇಳಿದಳು: ಎದ್ದು ಹೋದವರ ಮಣೆ ಬೇರೆಯವರಿಗಿಲ್ಲ. ಗಂಟೆ ಹೊಡೆಯಿತು.

"ಆಯ್ತಾ ಅಣ್ಣಾ?" ಎಂದಳು ಅಕ್ಕ.

"ಆಯ್ತಮ್ಮ. ಮುಂದೆ."

ಅವಳ ಎದೆ ಹಗುರವಾಯಿತು. ಯಾರಿಗಾದರೂ ಆಗುತ್ತಿತ್ತು.

ಹೊಸ ಮಣ್ಣಿನ ಮೇಲೆ ಮನೆ ನಿಂತಿತು. ಅದರ ಚುರುಕು ನೋಡಿ ಅಕ್ಕ ಮೂಗಿನ ಮೇಲೆ ಬೆರಳಿಟ್ಟಳು. ಬಾಗಿಲ ಕಡೆ ನೋಡಿದರೆ ಸಾಕು, ತೆರೆಯುತ್ತಿತ್ತು. ಒಲೆಗೆ ಮಡಕೆ ಇಡುವ ಮೊದಲೇ ಉರಿ ಏಳುತ್ತಿತ್ತು. ಅವಳು ದಿನವೂ ತನ್ನ ಮಣೆಯ ಎದುರಿಗೆ ತಂಗಿಯ ಮಣೆ ಹಾಕಿ, ಒರೆಸಿ, ಊಟ ಮಾಡಿ, ಮತ್ತೆ ಗೋಡೆಗೆ ಒರಗಿಸುತ್ತಿದ್ದಳು. ಅದರ ಮೇಲೆ ಯಾರನ್ನಾದರೂ ಕೂರಿಸಿ ಪರೀಕ್ಷೆ ಮಾಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಗಂಟೆ ಹೊಡೆದಿತ್ತಲ್ಲ!

ಒಂದು ದಿನ ಊಟದ ಹೊತ್ತಿಗೆ ಬಾಚಣಿಗೆ ಮಾರುವವಳೊಬ್ಬಳು ಒಳಗೆ ಬಂದಳು. ಬಾಗಿಲು ತಾನೇ ತೆರೆದುಕೊಂಡಿತ್ತು. ಪಾಪ, ಹುಟ್ಟಿದ ಮನೆಯ ಮಣೆ ನೆರೆಯಲ್ಲಿ ಕೊಚ್ಚಿಹೋಗಿ ಊರೂರು ಅಲೆದ ಹೆಂಗಸು. ಗಂಟೆಯವನು ಅವಳಿಗೆ, "ಊರ ತುದಿ ಮನೆಯಲ್ಲಿ ಒಂದು ಮಣೆ ಖಾಲಿ ಇದೆ, ಹೋಗು," ಎಂದಿದ್ದನಂತೆ. ಅಕ್ಕ ನೀರು ತರಲು ಒಳಗೆ ಹೋದಳು. ಬರುವಷ್ಟರಲ್ಲಿ ಅವಳು ತಂಗಿಯ ಮಣೆಯ ಮೇಲೆ ಕೂತಿದ್ದಳು. ಮಣೆ ಸರಿಯಲಿಲ್ಲ. ಮಿಸುಕಲೂ ಇಲ್ಲ. ಅಕ್ಕನ ಕೈಯಿಂದ ಚೊಂಬು ಜಾರಿತು.

"ಏಳೇ! ಅದು ನನ್ನ ತಂಗಿ ಮಣೆ!"

"ನೀವು ಏಳು ಅಂದ್ರೆ ಏಳೋಕಾಗ್ತಿಲ್ಲ ಅಕ್ಕಾ," ಎಂದಳು ಬಾಚಣಿಗೆಯವಳು. ಅವಳೂ ಹೆದರಿದ್ದಳು. ಆಮೇಲೆ ಕಣ್ಣು ತುಂಬಿಕೊಂಡು, "ಏಳೋಕೆ ಮನಸ್ಸೂ ಇಲ್ಲ. ಮಣೆ ಮೇಲೆ ಕೂತು ಎಷ್ಟು ಕಾಲ ಆಯ್ತು," ಎಂದಳು.

ಆಗ ಪಕ್ಕದ ಮನೆಯಾಕೆ ಬಾಗಿಲಲ್ಲಿ ಇಣುಕಿ, ಮಣೆಯ ಮೇಲಿದ್ದವಳನ್ನು ನೋಡಿ ಮುಖ ಅರಳಿಸಿ ಕೇಳಿದಳು: "ಏನೇ, ಅಂತೂ ಬಂದ್ಯಾ? ಉಪ್ಪಿನ ದೋಣಿ ಸಾಕಾಯ್ತಾ?"

ಆ ಊರಿನ ಮಣ್ಣು ಹಾಗೆ. ಅದಕ್ಕೆ ಖಾಲಿ ಎಂದರೆ ಆಗದು. ಸತ್ತವರ ಮಣೆಯನ್ನೂ ಅಲ್ಲಿ ಸುಡುತ್ತಿರಲಿಲ್ಲ. ಮಣೆ ತೆರವಾದರೆ ಮೊದಲು ಬಂದವರನ್ನು ಅದರ ಮೇಲೆ ಕೂರಿಸುವುದು. ಕೂತವರಿಗೆ ಆ ಮಣೆಯ ಹೆಸರು, ಆ ಮಣೆಯ ಸಂಬಂಧ, ಆ ಮಣೆಯ ನೆನಪು. ಕೆಲಸಕ್ಕೆ ಎದ್ದು ಓಡಾಡಿದರೂ ಮಣೆ ಅವರದೇ; ಅವರಾಗಿಯೇ ಬಿಟ್ಟುಕೊಟ್ಟು ಎದ್ದು ಹೋದರೆ ಉಂಟು, ಎಬ್ಬಿಸಲು ಯಾರಿಂದಲೂ ಆಗದು. ಬೇಗ ಕೆಲಸವಾಗಬೇಕಲ್ಲ, ಅದಕ್ಕೆ. ಮೊದಮೊದಲು ಬಾಚಣಿಗೆಯವಳು ನೆರೆಯವರಿಗೆ, "ಅಯ್ಯೋ, ಅದು ನಾನಲ್ಲ," ಎನ್ನುತ್ತಿದ್ದಳು. ಆಮೇಲೆ ಸುಮ್ಮನೆ ನಗುತ್ತಿದ್ದಳು. ಆಮೇಲಾಮೇಲೆ, ದೋಣಿಯಲ್ಲಿ ಉಪ್ಪು ತಾಗಿ ಕೈ ಒಡೆಯುವುದು ಹೇಗೆಂದು ಅವಳೇ ವಿವರಿಸತೊಡಗಿದಳು. ಉಪ್ಪಿನ ದೋಣಿಯನ್ನೇ ಹತ್ತದ ಹೆಂಗಸು!

ಅಕ್ಕನಿಗೆ ಮೈಯೆಲ್ಲ ಉರಿಯಿತು. ಅವಳು ನೆಟ್ಟಗೆ ಹೆಬ್ಬಾಗಿಲಿಗೆ ಹೋದಳು.

"ನನ್ನ ಕಟ್ಟಳೆಗೆ ನೀನು ಗಂಟೆ ಹೊಡೆದ್ಯಾ ಇಲ್ವಾ?"

"ಹೊಡೆದೆ," ಎಂದ ಗಂಟೆಯವನು.

"ಮತ್ತೆ ಯಾಕೆ ನಡೀತಿಲ್ಲ?"

"ನಡೆಯೋದು ಬಿಡೋದು ಮಣ್ಣಿಗೆ ಬಿಟ್ಟಿದ್ದು. ನನ್ನ ಕೆಲಸ ಹೊಡೆಯೋದು."

ಅಕ್ಕ ಅವನನ್ನು ದುರುಗುಟ್ಟಿ ನೋಡಿದಳು. ಸಾಲಿನಲ್ಲಿದ್ದ ಯಾರದೋ ಬಾಗಿಲುವಾಡಕ್ಕೆ ಕೈಯಿಟ್ಟು, "ಈ ಮನೆಯಲ್ಲಿ ಸಾರು ಕೆಳಗಿಂದ ಮೇಲಕ್ಕೆ ಸುರೀಲಿ," ಎಂದಳು. ಗಂಟೆ ಹೊಡೆಯಿತು. "ಈ ಮನೆ ಬೆಕ್ಕು ದಿನಾ ಸಂಜೆ ಹಗ್ಗ ಹೊಸೀಲಿ." ಗಂಟೆ ಹೊಡೆಯಿತು. "ಗಂಟೆಯವನ ಮೂಗು ಉದುರಿ ಬೀಳಲಿ!" ಗಂಟೆ ಹೊಡೆಯಿತು. ಅವನ ಮೂಗು ಇದ್ದಲ್ಲೇ ಇತ್ತು. "ಆಯ್ತಮ್ಮ. ಮುಂದೆ," ಎಂದ ಅವನು, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆಗಲ್ಲ ಎಂದಿದ್ದರೆ ಗಾಡಿ ತಿರುಗಿಸಬಹುದಿತ್ತು. ಎಲ್ಲದಕ್ಕೂ ಆಯ್ತು ಎನ್ನುವವನ ಜೊತೆ ಜಗಳ ಆಡುವುದು ಹೇಗೆ? ಅಕ್ಕ ತಲೆ ತಲೆ ಚಚ್ಚಿಕೊಂಡಳು.

ಊರಿನ ಹಿರಿಯಳ ಹತ್ತಿರ ಹೋದಳು. ಹೆಬ್ಬಾಗಿಲು ಕಟ್ಟಿಸಿದವಳು ಆ ಮುದುಕಿಯೇ. ಕಾಲು ನೀಡಿ ಕೂತು ಕಡಲೆಬೀಜ ಸುಲಿಯುತ್ತಿದ್ದಳು. ಅಕ್ಕ ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿದಳು.

"ಮೊದಲು ಹೀಗಿರಲಿಲ್ಲ ಮಗಾ. ಮಣ್ಣಿಗೆ ಗೊತ್ತಿಲ್ಲದ ಕಟ್ಟಳೆ ಹೇಳಿದ್ರೆ ಗಾಡಿ ಅಲ್ಲೇ ನಿಲ್ಲಿಸ್ತಿದ್ವಿ. ಏನಾಯ್ತು? ಒಬ್ಬ ಉಪ್ಪಿನಕಾಯಿ ಜಾಡಿ ಬಡಗು ದಿಕ್ಕಿಗೇ ಇರಬೇಕು ಅಂದ. ಅದು ನಮ್ಮ ಮಣ್ಣಿಗೆ ಗೊತ್ತಿಲ್ಲ ಅಂದ್ವಿ. ಬಿಡಲ್ಲ ಅಂದ. ಅವನ ಹಿಂದೆ ಊರಿಗೂರೇ ಮಳೇಲಿ ನಿಂತ್ಕೊಂಡ್ತು. ಒಂದು ಬಾಣಂತಿ ಸಾಲಲ್ಲೇ ಹೋಗ್ಬಿಟ್ಳು. ಒಂದು ಜಾಡಿಗೋಸ್ಕರ. ಆವತ್ತೇ ಹೇಳ್ದೆ, ಏನಂದ್ರೂ ಗಂಟೆ ಹೊಡೀರಿ, ಒಳಗೆ ಬಿಡಿ ಅಂತ."

ಮುದುಕಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅಕ್ಕನ ಸಿಟ್ಟು ಇನ್ನಷ್ಟು ಹೆಚ್ಚಿದ್ದು ಅದಕ್ಕೇ.

"ಒಳಗೆ ಬಿಡಿ, ಬೇಡ ಅನ್ನಲ್ಲ. ಬಿಡುವಾಗ, ಇದೊಂದು ನಡೆಯಲ್ಲಮ್ಮ, ನೋಡ್ಕೋ, ಅಂತ ಒಂದು ಮಾತು ಹೇಳಬಾರದಿತ್ತಾ? ಹೇಳೋಕೆ ಏನು ಖರ್ಚು ಅಜ್ಜೀ?"

"ಹೇಳಿದ್ರೆ ನಿಂತ್ಕೋತಾರೆ ಮಗಾ. ನೀನು ನಿಂತ್ಕೋತಿರಲಿಲ್ವಾ?"

"ನಿಂತ್ಕೋತಿದ್ದೆ!"

"ನೋಡು ಮತ್ತೆ," ಎಂದಳು ಮುದುಕಿ. ಒಂದು ಹಿಡಿ ಕಡಲೆಬೀಜ ಅಕ್ಕನ ಮಡಿಲಿಗೆ ಹಾಕಿ, ದನಿ ತಗ್ಗಿಸಿದಳು. "ಮಣೆ ಖಾಲಿ ಇಡಬಾರದಿತ್ತು. ರುಬ್ಬುಗುಂಡು ಇಟ್ಟಿದ್ರೆ ಆಗ್ತಿತ್ತು. ಮೂಲೆಮನೆಯವರು ಹಾಗೇ ಮಾಡಿದಾರೆ, ಹೋಗಿ ನೋಡು."

ಅಕ್ಕ ಹೋಗಿ ನೋಡಿದಳು. ಮೂಲೆಮನೆಯ ಅಳಿಯ ದೇಶಾಂತರ ಹೋಗಿದ್ದ. ಅವನ ಮಣೆಯ ಮೇಲೆ ರುಬ್ಬುಗುಂಡು ಕೂತಿತ್ತು. ಅದರ ಮುಂದೆ ಎಲೆ, ಎಲೆಯಲ್ಲಿ ಬಿಸಿ ಅನ್ನ, ತುಪ್ಪ. ಮನೆಯಾಕೆ ಸೆರಗು ಸರಿಮಾಡಿಕೊಂಡು, "ಅಳಿಯಂದಿರು ಇವತ್ತು ಯಾಕೋ ಸರಿಯಾಗಿ ಊಟ ಮಾಡ್ತಿಲ್ಲ," ಎಂದಳು. ಅಕ್ಕನಿಗೆ ನಗು ಬರಲಿಲ್ಲ. ಕಲ್ಲಾದರೆ ಎತ್ತಿಡಬಹುದು. ತನ್ನ ಮನೆಯಲ್ಲಿ ಕೂತಿರುವುದು ಅಳುವ, ನಗುವ, ಹಸಿಯುವ ಹೆಂಗಸು. ಬರಬರುತ್ತ ಅವಳಿಗೆ ಸಾರಿಗೆ ಒಗ್ಗರಣೆ ಹಾಕುವುದೂ ತಂಗಿಯ ಹಾಗೆಯೇ ಬರುತ್ತಿತ್ತು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಮೂಲೆಮನೆಯಾಕೆಯನ್ನು ಕೇಳಿದರೆ, "ನೀವು ಕೇಳಲಿಲ್ಲವಲ್ಲ," ಎಂದಳು. ಕೇಳಬೇಕಿತ್ತೆಂದು ಗೊತ್ತಿದ್ದರೆ ತಾನೇ ಕೇಳುವುದು?

ಹೀಗಿರುವಾಗ ತಂಗಿ ಬಂದಳು.

ಸುದ್ದಿ ತಂದವಳು ಬಾಚಣಿಗೆಯವಳೇ. ಓಡಿ ಬಂದು ಅಕ್ಕನ ಕೈ ಹಿಡಿದುಕೊಂಡಳು. "ಅಕ್ಕಾ, ಹೆಬ್ಬಾಗಿಲ ಹೊರಗೆ ಯಾವಳೋ ಒಬ್ಬಳು ನನ್ನ ಹೆಸರು ಹೇಳ್ಕೊಂಡು ನಿಂತಿದಾಳೆ. ನನಗೆ ಯಾಕೋ ಭಯ ಆಗ್ತಿದೆ ಕಣೇ."

ಅವಳು ನಾಟಕ ಆಡುತ್ತಿರಲಿಲ್ಲ. ಅಕ್ಕ ಅವಳ ಮುಖ ನೋಡಿದಳು. ಅಲ್ಲಿ ಬೈಯಲು ಏನೂ ಇರಲಿಲ್ಲ. ಅವಳ ಕೈ ಬಿಡಿಸಿಕೊಂಡು ಹೆಬ್ಬಾಗಿಲಿಗೆ ಓಡಿದಳು.

ತಂಗಿ ಗಾಡಿಯ ಗಾಲಿಗೆ ಒರಗಿ ಕೂತಿದ್ದಳು. ಮೈ ಕೆಂಡವಾಗಿತ್ತು. ಅಂಗೈ ಉಪ್ಪಿಗೆ ಒಡೆದು ಹಸಿ ಗಾಯವಾಗಿತ್ತು. ಅಕ್ಕನನ್ನು ಕಂಡು ಎದ್ದು ನಿಲ್ಲಲು ನೋಡಿದಳು, ಆಗಲಿಲ್ಲ.

"ಬಂದೆ ಕಣೇ," ಎಂದಳು. "ನನ್ನ ಮಣೆ ತುಂಬಿದೆ ಅಂತಿದಾನೆ ಇವನು. ಹುಚ್ಚ ಇರಬೇಕು."

ಅಕ್ಕ ಅವಳನ್ನು ತೋಳಿನಲ್ಲಿ ಎತ್ತಿಕೊಂಡು ಹೊಸ್ತಿಲು ದಾಟಲು ಹೋದಳು. ಅಕ್ಕನ ಕಾಲು ಒಳಗೆ ಬಂತು, ತೋಳಿನಲ್ಲಿದ್ದ ತಂಗಿ ಬರಲಿಲ್ಲ. ಗಾಳಿಯೇ ಗೋಡೆಯಾಗಿ ಅವಳನ್ನು ಹೊರಗೆ ತಳ್ಳಿತು. ಮತ್ತೆ ನುಗ್ಗಿದಳು, ಮತ್ತೆ ತಳ್ಳಿತು. ಹಳೆಯ ಊರು ಆ ವೇಳೆಗೆ ಹೊಳೆಯ ಪಾಲಾಗಿತ್ತು. ಹೊರಗೆ ನೆರಳಿಲ್ಲ, ಔಷಧಿಯಿಲ್ಲ, ಬಯಲು.

"ಬೇರೆ ದಾರಿ ಇಲ್ವಾ ಅಣ್ಣಾ?" ಎಂದಳು ಅಕ್ಕ.

"ಊರಲ್ಲಿ ಎಲ್ಲಾದ್ರೂ ಮಣೆ ತೆರವಾಗಬೇಕು. ಸದ್ಯಕ್ಕೆ ಒಂದೂ ಇಲ್ಲ," ಎಂದ ಗಂಟೆಯವನು. ಅವನ ದನಿಯಲ್ಲಿ ಕರುಣೆ ಇತ್ತು. ಅದು ಯಾರಿಗೆ ಬೇಕಿತ್ತು?

ಅಕ್ಕ ಮನೆಗೆ ಬಂದಳು. ಬಾಚಣಿಗೆಯವಳು ಎರಡು ಎಲೆ ಹಾಕಿ ಕಾಯುತ್ತಿದ್ದಳು. ಅಕ್ಕ ತನ್ನ ಮಣೆಯ ಮೇಲೆ ಕೂತಳು. ಬಡಿಸಿದ ಅನ್ನವನ್ನು ಕಲಸಿದಳು, ತಿನ್ನಲಿಲ್ಲ. ಎದುರಿಗೆ ಕೂತಿದ್ದವಳನ್ನು ಎಬ್ಬಿಸುವಂತಿರಲಿಲ್ಲ. ಬೇಡಿಕೊಂಡರೂ ಅವಳಿಗೆ ಅರ್ಥವಾಗುತ್ತಿರಲಿಲ್ಲ, ತಂಗಿಯನ್ನು ಯಾಕೆ ಮನೆ ಬಿಟ್ಟು ಹೋಗೆನ್ನುತ್ತೀ ಎಂದು ಅಳುತ್ತಿದ್ದಳು. ಆ ಮನೆಯಲ್ಲಿ ತಾನಾಗಿ ಏಳಬಲ್ಲವಳು ಒಬ್ಬಳೇ ಇದ್ದಳು.

"ಹೊರಗೆ ಜ್ವರ ಬಂದವಳಿದಾಳೆ," ಎಂದಳು ಅಕ್ಕ. "ಒಳಗೆ ಬರ್ತಾಳೆ. ಚೆನ್ನಾಗಿ ನೋಡ್ಕೋ. ಅಂಗೈಗೆ ಬೆಣ್ಣೆ ಹಚ್ಚು."

ಎದ್ದಳು. ನಡೆದಳು. ಅವಳು ಹೆಬ್ಬಾಗಿಲು ದಾಟಿ ಹೊರಗೆ ಕಾಲಿಟ್ಟಾಗ, ತಂಗಿಯನ್ನು ತಡೆದಿದ್ದ ಗಾಳಿ ಸಡಿಲವಾಯಿತು.

"ನೀನೂ ಬಾ," ಎಂದಳು ತಂಗಿ.

"ಹಿಂದೆ ಬರ್ತೀನಿ, ನಡಿ," ಎಂದಳು ಅಕ್ಕ. ಹಗ್ಗ ಹೊಸೆದ ಕೈಯಿಂದ ಅವಳನ್ನು ಒಳಕ್ಕೆ ತಳ್ಳಿದಳು.

ತಂಗಿ ಬೀದಿಯಲ್ಲಿ ತೂರಾಡುತ್ತ ಹೋಗುವಾಗ ಜನ ಓಡಿ ಬಂದರು. "ಅಯ್ಯೋ, ಅಕ್ಕನಿಗೆ ಏನಾಯ್ತು? ಹಿಡ್ಕೊಳ್ಳಿ, ಹಿಡ್ಕೊಳ್ಳಿ!" ಎಂದರು. "ನಾನು ಅಕ್ಕ ಅಲ್ಲ, ಅಕ್ಕ ಹೊರಗಿದಾಳೆ," ಎಂದು ಅವಳು ಕಿರುಚಿದಳು. ಜ್ವರ ತಲೆಗೆ ಏರಿದೆ ಎಂದು ಎಲ್ಲರೂ ಮಾತಾಡಿಕೊಂಡರು. ಅವಳನ್ನು ಅಕ್ಕನ ಮಣೆಯ ಮೇಲೆ ಕೂರಿಸಿ ಗಂಜಿ ಕುಡಿಸಿದರು.

ತಂಗಿ ಬದುಕಿಕೊಂಡಳು. ಅಂಗೈ ಮಾಗಿತು. ದಿನವೂ ಅವಳು ಹೆಬ್ಬಾಗಿಲ ಹೊರಗಿದ್ದ ಅಕ್ಕನಿಗೆ ಊಟ ತರುತ್ತಿದ್ದಳು. ಮೊದಲ ದಿನಗಳಲ್ಲಿ ಅವಳ ಕೂಗಾಟಕ್ಕೆ ಸಾಲಿನಲ್ಲಿದ್ದ ಎತ್ತುಗಳು ಬೆದರುತ್ತಿದ್ದವು. ಗಂಟೆಯವನ ಹಗ್ಗ ಹಿಡಿದು ಎಳೆದಳು, ಮುದುಕಿಯ ಮನೆಯ ಮುಂದೆ ಧರಣಿ ಕೂತಳು. ಮುದುಕಿ ಅವಳಿಗೂ ಕಡಲೆಬೀಜ ಕೊಟ್ಟಳು. ಬರಬರುತ್ತ ಅವಳ ಕೂಗು ಕಡಿಮೆಯಾಯಿತು. ಸೆರಗನ್ನು ಅಕ್ಕನ ಹಾಗೆ ಸೊಂಟಕ್ಕೆ ಸಿಕ್ಕಿಸತೊಡಗಿದಳು. ಒಮ್ಮೆ, ಹಗ್ಗ ಹೊಸೆದು ಬೆರಳು ನೋಯುತ್ತಿದೆ ಎಂದಳು. ಅಕ್ಕ ಊಟ ಬಿಟ್ಟು ಅವಳ ಬೆರಳು ಹಿಡಿದು ನೋಡಿದಳು.

ಗಂಟೆಯವನು ಒಂದು ದಿನ ಅಕ್ಕನನ್ನು ಕರೆದ. "ಕುಂಬಾರರ ಮನೆ ಅತ್ತೆ ತೀರಿಕೊಂಡ್ರು. ಮಣೆ ತೆರವಾಗಿದೆ. ಒಳ್ಳೇ ಮನೆ, ಸೊಸೆಯಂದಿರು ಬಿಸಿನೀರು ಕಾಯಿಸಿಕೊಡ್ತಾರೆ. ಹೋಗಿ ಕೂತ್ಕೋ."

"ಕೂತ್ಕೊಂಡ್ರೆ ನಾನು ಅವರತ್ತೆ ಆಗ್ತೀನಿ. ನನಗೆ ಬೇಡ," ಎಂದಳು ಅಕ್ಕ.

"ಯಾರೋ ಒಬ್ಬಳು ಆದ್ರೆ ಸಾಲದಾ?"

"ಸಾಲದು."

ಅವಳು ಹೊರಗೇ ಉಳಿದಳು. ಸುಮ್ಮನೆ ಉಳಿಯಲಿಲ್ಲ. ಸಾಲಿನಲ್ಲಿ ಹೊಸದಾಗಿ ಬಂದು ನಿಂತವರ ಗಾಡಿಗಳ ಹತ್ತಿರ ಹೋಗಿ, ನಿಮ್ಮ ಕಟ್ಟಳೆ ಏನು ಎಂದು ಕೇಳುತ್ತಿದ್ದಳು. ಕಾಲು ತೊಳೆಯುವುದು ನಡೆಯುತ್ತೆ, ಹೋಗಿ. ಒಂದೇ ಹೆಸರಿನದು ನಡೆಯುತ್ತೆ. ಹೋದವರಿಗೆ ಜಾಗ ಕಾಯುವುದು ನಡೆಯಲ್ಲ. ಗಂಟೆ ಹೊಡೀತಾನೆ, ನಂಬಬೇಡಿ. ಕೆಲವರು ನಿಂತು ಕೇಳುತ್ತಿದ್ದರು, ಒಬ್ಬಿಬ್ಬರು ಗಾಡಿ ತಿರುಗಿಸಿದರು. ಬಹಳ ಜನ, "ದಾರಿ ಬಿಡಮ್ಮ, ಹೊತ್ತಾಯ್ತು," ಎಂದು ರೇಗುತ್ತಿದ್ದರು. ಅವರ ಹಿಂದೆ ಗಂಟೆ ಹೊಡೆಯುತ್ತಿತ್ತು.

ಅಂಥದೊಂದು ಮಧ್ಯಾಹ್ನ ತಂಗಿ ಬುತ್ತಿ ತಂದಳು. ಅಕ್ಕನ ಮುಂದೆ ಇಟ್ಟು, ಸ್ವಲ್ಪ ದೂರದಲ್ಲಿ, ಪರಿಚಯವಿಲ್ಲದವರ ಎದುರು ಕೂರುವ ಹಾಗೆ ಮುದುಡಿ ಕೂತಳು. ಅಕ್ಕ ಉಣ್ಣುವುದನ್ನೇ ನೋಡಿದಳು. ಆಮೇಲೆ ಸಂಕೋಚದಿಂದ ಕೇಳಿದಳು: "ತಪ್ಪು ತಿಳ್ಕೋಬೇಡಿ. ದಿನಾ ನಿಮಗೆ ಊಟ ತರ್ತೀನಿ, ಯಾಕೆ ತರ್ತೀನಿ ಅಂತ ಮರೆತೇಹೋಗಿದೆ ನೋಡಿ. ನೀವು ಯಾರ ಕಡೆಯವರಮ್ಮ?"

ಅಕ್ಕ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು. ಅವಳ ಕಣ್ಣನ್ನೇ ನೋಡುತ್ತ, ಬಾಗಿಲುವಾಡಕ್ಕೆ ಹೇಳಿದಷ್ಟೇ ಸ್ಪಷ್ಟವಾಗಿ ಹೇಳಿದಳು: "ನಾನು ನಿನ್ನ ಅಕ್ಕ ಕಣೇ. ನೀನು ನನ್ನ ತಂಗಿ."

"ಹೂಂ, ಆಗಲಿ," ಎಂದಳು ತಂಗಿ, ಗೌರವದಿಂದಲೇ. ಬುತ್ತಿಯ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.